ಭೂತಬಂಗಲೆಯ ಬಾಗಿಲಲ್ಲಿ ‘ನಾಳೆ ಬಾ’

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್ ಪಟ್ಟಣದಲ್ಲಿರುವ ಡಿಸ್ನಿಲ್ಯಾಂಡ್‌ಗೆ 1963ರಲ್ಲಿ ಹೋದವರಿಗೆ, ಅಲ್ಲಿನ ಕೃತಕ ನದಿಯ ದಂಡೆಯ ಮೇಲೆ ಹೊಸದೊಂದು ಬಂಗಲೆ ಕಾಣಿಸುತ್ತಿತ್ತು. ಬಿಳಿಯ ಕಂಬಗಳು, ಮಹಡಿಗೆ ಕಬ್ಬಿಣದ ಕುಸುರಿ ಕಟಕಟೆ, ಸುತ್ತ ಅಚ್ಚುಕಟ್ಟಾದ ಹುಲ್ಲುಹಾಸು. ಗೇಟಿಗೆ ಮಾತ್ರ ಬೀಗ. ಪಕ್ಕದಲ್ಲೊಂದು ಫಲಕ. ನಿವೃತ್ತರಾಗಿ ನೆಮ್ಮದಿಯಾಗಿ ಇರಬಯಸುವ ಭೂತಪ್ರೇತಗಳಿಗೆ ಇಲ್ಲಿ ಸ್ಥಳಾವಕಾಶ ಉಂಟು, ಅರ್ಜಿ ಹಾಕಿಕೊಳ್ಳಬಹುದು ಎಂಬುದು ಅದರ ತಾತ್ಪರ್ಯ. 1961ರಲ್ಲೇ ಪಾರ್ಕಿನ ಬಾಗಿಲಲ್ಲಿ ಹಂಚಿದ ಕರಪತ್ರಗಳು ಈ ಭೂತಬಂಗಲೆ 1963ಕ್ಕೆ ಸಿದ್ಧವಾಗುತ್ತದೆ ಎಂದು ಸಾರಿದ್ದವು. ಸಿದ್ಧವಾದದ್ದು ಹೊರಗೋಡೆ ಮಾತ್ರ. ಬಂಗಲೆಯ ಬಾಗಿಲು ತೆರೆದದ್ದು 1969ರ ಆಗಸ್ಟ್‌ನಲ್ಲಿ. ಎಂಟು ವಯಸ್ಸಿನಲ್ಲಿ ಅಪ್ಪನ ಕೈ ಹಿಡಿದು ಗೇಟಿನೊಳಗೆ ಇಣುಕಿದ್ದ ಹುಡುಗನಿಗೆ ಒಳಗೆ ಹೋಗುವ ಹೊತ್ತಿಗೆ ಮೀಸೆ ಚಿಗುರುತ್ತಿತ್ತು.

ಕರ್ನಾಟಕದ ಊರುಕೇರಿಗಳಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಓದುಗರಿಗೆ ನೆನಪಿರಬಹುದು. ರಾತ್ರಿ ಬಂದ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹ ಕಾಣುತ್ತದೆ ಎಂಬ ನಂಬಿಕೆ. ಡಿಸ್ನಿ ಕಂಪೆನಿ ಇದನ್ನು ತಿರುವುಮುರುವು ಮಾಡಿತು. ದೆವ್ವಗಳಿಗೆ ‘ಬನ್ನಿ’ ಎಂದಿತು, ಜನರಿಗೆ ‘ನಾಳೆ ಬಾ’ ಎಂದಿತು.

ಇದು ಒಂದು ಬಂಗಲೆಯ ಕಥೆಯಲ್ಲ. ಥೀಮ್ ಪಾರ್ಕ್ ಎಂಬ ಉದ್ಯಮದ ಎಪ್ಪತ್ತು ವರ್ಷಗಳ ಇತಿಹಾಸವನ್ನು ತಿರುವಿ ಹಾಕಿದರೆ, ಘೋಷಿಸಿ ತಡವಾಗಿ ಕಟ್ಟಿದ, ಘೋಷಿಸಿ ಬೇರೇನೋ ಕಟ್ಟಿದ, ಘೋಷಿಸಿ ಏನೂ ಕಟ್ಟದ ಆಟಗಳ, ಊರುಗಳ ಪಟ್ಟಿ ಕಟ್ಟಿದವುಗಳ ಪಟ್ಟಿಯಷ್ಟೇ ಉದ್ದವಿದೆ. ಪ್ರಚಾರಕ್ಕಾಗಿ ಮೂಗಿಗೆ ತುಪ್ಪ ಸವರುತ್ತಾರೆ, ಅಷ್ಟೇ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಅದು ಅರ್ಧ ಸತ್ಯ. ಸಾರ್ವಜನಿಕರ ಮುಂದೆ ಮಾಡುವ ಘೋಷಣೆ ಅನೇಕ ಬಾರಿ ಸಾರ್ವಜನಿಕರಿಗಾಗಿ ಮಾಡಿದ್ದಲ್ಲ. ಸಾಲ ಕೊಡುವವರಿಗೆ, ಷೇರುದಾರರಿಗೆ, ಸರ್ಕಾರಕ್ಕೆ, ಪ್ರತಿಸ್ಪರ್ಧಿಗೆ ತಲುಪಬೇಕಾದ ಮಾತು ಅದು. ತಲುಪಬೇಕಾದವರಿಗೆ ತಲುಪಿದ ದಿನವೇ ಅದರ ಕೆಲಸ ಮುಗಿದಿರುತ್ತದೆ. ಕಟ್ಟುವುದು ಆಮೇಲಿನ ಲೆಕ್ಕಾಚಾರ.

ಬಂಗಲೆಯ ವಿಳಂಬಕ್ಕೆ ಮಾತ್ರ ಅಂಥ ಒಳಸಂಚೇನೂ ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ 1964 ಮತ್ತು 1965ರಲ್ಲಿ ನಡೆದ ವಿಶ್ವಮೇಳಕ್ಕೆ ನಾಲ್ಕು ಆಕರ್ಷಣೆಗಳನ್ನು ಮಾಡಿಕೊಡಲು ವಾಲ್ಟ್ ಡಿಸ್ನಿ ಒಪ್ಪಿಕೊಂಡಿದ್ದರು. ಫೋರ್ಡ್, ಜನರಲ್ ಎಲೆಕ್ಟ್ರಿಕ್, ಪೆಪ್ಸಿ ಕಂಪೆನಿಗಳು ಮತ್ತು ಇಲಿನಾಯ್ ರಾಜ್ಯ ಹಣ ಹಾಕುವವರು. ಬೇರೆಯವರ ದುಡ್ಡಿನಲ್ಲಿ ಹೊಸ ತಂತ್ರವನ್ನು ಕಲಿಯುವ ಅವಕಾಶ ಯಾರು ಬಿಟ್ಟಾರು? ಬಂಗಲೆಯ ಮೇಲೆ ಕೆಲಸ ಮಾಡುತ್ತಿದ್ದ ವಿನ್ಯಾಸಕಾರರೆಲ್ಲ ಆ ಕಡೆ ಹೊರಳಿದರು. ಅವರು ಮರಳಿ ಬರುವಷ್ಟರಲ್ಲಿ, 1966ರ ಡಿಸೆಂಬರ್ 15ರಂದು, ವಾಲ್ಟ್ ತೀರಿಕೊಂಡರು. ಬಂಗಲೆ ಹೆದರಿಸಬೇಕೋ ನಗಿಸಬೇಕೋ ಎಂಬುದರಲ್ಲೇ ಉಳಿದವರಿಗೆ ಒಮ್ಮತವಿರಲಿಲ್ಲ. ಜನ ನಡೆದುಕೊಂಡು ನೋಡುವ ಮೊದಲ ಯೋಜನೆಯಲ್ಲಿ ಗಂಟೆಗೆ ಬಹಳ ಜನರನ್ನು ಒಳಗೆ ಬಿಡಲಾಗುತ್ತಿರಲಿಲ್ಲ. 1967ರಲ್ಲಿ ಬೇರೊಂದು ಆಕರ್ಷಣೆಗಾಗಿ, ನಿಲ್ಲದೆ ಸಾಗುವ ಸರಪಳಿ ಆಸನಗಳ ವ್ಯವಸ್ಥೆ ಬಳಕೆಗೆ ಬಂತು. ಅದನ್ನೇ ಇಲ್ಲಿಗೂ ತಂದ ಮೇಲೆ ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಒಳಹೋಗಿ ಬರುವಂತಾಯಿತು. ತೆರೆದ ಮರುವಾರವೇ ಒಂದೇ ದಿನ 82 ಸಾವಿರಕ್ಕೂ ಹೆಚ್ಚು ಮಂದಿ ಪಾರ್ಕಿಗೆ ಬಂದರು. ಆರು ವರ್ಷದ ಬೀಗವೇ ಅಷ್ಟು ಜನರನ್ನು ಕರೆತಂದಿತು ಎಂದರೂ ತಪ್ಪಾಗದು.

ಚಿತ್ರ ಮೊದಲು, ಪಾರ್ಕು ಆಮೇಲೆ

ಘೋಷಣೆಯಿಂದ ಹಣ ಹುಟ್ಟುತ್ತದೆ ಎಂಬ ಪಾಠವನ್ನು ಡಿಸ್ನಿ ಕಂಪೆನಿ ಕಲಿತದ್ದು ಇದಕ್ಕೂ ಹತ್ತು ವರ್ಷ ಹಿಂದೆ. 1953ರ ಸೆಪ್ಟೆಂಬರ್‌ನ ಒಂದು ವಾರಾಂತ್ಯ. ವಾಲ್ಟ್ ಅವರ ಅಣ್ಣ ರಾಯ್ ಡಿಸ್ನಿ ಪಾರ್ಕಿಗೆ ಹಣ ಹೊಂದಿಸಲು ನ್ಯೂಯಾರ್ಕ್‌ಗೆ ಹೊರಟಿದ್ದರು. ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ವಾಲ್ಟ್ ಅವರು ಹರ್ಬ್ ರೈಮನ್ ಎಂಬ ಕಲಾವಿದನನ್ನು ಕರೆಸಿ, ಪಕ್ಕದಲ್ಲೇ ಕುಳಿತು, ತಮ್ಮ ತಲೆಯಲ್ಲಿದ್ದ ಪಾರ್ಕನ್ನು ಎರಡು ದಿನದಲ್ಲಿ ಬರೆಸಿದರು. ಮೇಲಿನಿಂದ ಹಕ್ಕಿಯ ಕಣ್ಣಿಗೆ ಕಾಣುವಂಥ ಆ ಒಂದು ಚಿತ್ರ ಹಿಡಿದು ರಾಯ್ ಟೆಲಿವಿಷನ್ ಕಂಪೆನಿಗಳ ಬಾಗಿಲು ತಟ್ಟಿದರು. ಕೊನೆಗೆ ಒಪ್ಪಿದ್ದು, ಆ ಕಂಪೆನಿಗಳಲ್ಲಿ ಹಿಂದೆ ಬಿದ್ದಿದ್ದ ಎಬಿಸಿ. ಅದು 5 ಲಕ್ಷ ಡಾಲರ್ ಹೂಡಿತು, 45 ಲಕ್ಷ ಡಾಲರ್ ಸಾಲಕ್ಕೆ ಖಾತರಿ ನಿಂತಿತು. ಬದಲಿಗೆ ಪಾರ್ಕಿನಲ್ಲಿ ಮೂರನೆಯ ಒಂದು ಭಾಗಕ್ಕೂ ತುಸು ಹೆಚ್ಚಿನ ಪಾಲನ್ನೂ ವಾರವಾರದ ಒಂದು ಡಿಸ್ನಿ ಕಾರ್ಯಕ್ರಮವನ್ನೂ ಪಡೆಯಿತು.

1954ರ ಅಕ್ಟೋಬರ್ 27ರಂದು ಶುರುವಾದ ಆ ಕಾರ್ಯಕ್ರಮದ ಹೆಸರೇ ‘ಡಿಸ್ನಿಲ್ಯಾಂಡ್’. ಕಿತ್ತಳೆ ತೋಪುಗಳಿದ್ದ ಜಾಗದಲ್ಲಿ ಇನ್ನೂ ಮಣ್ಣು ಅಗೆಯುತ್ತಿದ್ದಾಗ, ಆ ಊರಿನ ಕಥೆಗಳನ್ನು ಅಮೆರಿಕದ ಮಕ್ಕಳು ಮನೆಯಲ್ಲಿ ಕುಳಿತು ನೋಡುತ್ತಿದ್ದರು. 1955ರ ಜುಲೈ 17ರಂದು ಪಾರ್ಕು ತೆರೆದಾಗ ಖರ್ಚು 1.7 ಕೋಟಿ ಡಾಲರ್ ತಲುಪಿತ್ತು. ‘ನಾಳಿನ ಲೋಕ’ ಎಂಬ ಭಾಗ ಅರ್ಧಂಬರ್ಧ. ಖಾಲಿ ಜಾಗಗಳನ್ನು ಬಲೂನು, ಬಾವುಟಗಳಿಂದ ಮುಚ್ಚಿದ್ದರು. ಡಿಸ್ನಿಲ್ಯಾಂಡ್ ಎಂದಿಗೂ ಪೂರ್ಣಗೊಳ್ಳುವುದಿಲ್ಲ ಎಂದು ವಾಲ್ಟ್ ಹೇಳುತ್ತಿದ್ದರು. ಅದು ಆದರ್ಶವೂ ಹೌದು, ಕೈಗೆ ಸಿಕ್ಕ ಅನುಕೂಲವಾದ ಸಮಜಾಯಿಷಿಯೂ ಹೌದು.

ಪೂರ್ಣಗೊಳ್ಳದ ಊರಿನಲ್ಲಿ ‘ಶೀಘ್ರದಲ್ಲೇ’ ಎಂಬ ಫಲಕಕ್ಕೆ ಯಾವಾಗಲೂ ಜಾಗವಿರುತ್ತದೆ. 1950ರ ದಶಕದ ಕೊನೆಗೆ ಲಿಬರ್ಟಿ ಸ್ಟ್ರೀಟ್, ಎಡಿಸನ್ ಸ್ಕ್ವೇರ್ ಎಂಬ ಎರಡು ಹೊಸ ಬೀದಿಗಳು ಬರುತ್ತವೆ ಎಂದು ಪ್ರಕಟಿಸಿದರು. ಎರಡೂ ಬರಲಿಲ್ಲ. ಲಿಬರ್ಟಿ ಬೀದಿಯ ಕಲ್ಪನೆ ಮಾತ್ರ 1971ರಲ್ಲಿ ಸಾವಿರಾರು ಮೈಲಿ ಆಚೆ, ಫ್ಲಾರಿಡಾದ ಇನ್ನೊಂದು ಪಾರ್ಕಿನಲ್ಲಿ ಕೈಗೂಡಿತು.

ಕಟ್ಟದ ನಗರಕ್ಕೆ ಕೊಟ್ಟ ಅಧಿಕಾರ

ಆ ಫ್ಲಾರಿಡಾದ ಕಥೆಯನ್ನು ವಿವರವಾಗಿಯೇ ಹೇಳಬೇಕು. ಘೋಷಣೆಯ ಬೆಲೆ ಎಷ್ಟೆಂಬುದು ಅಲ್ಲಿ ತಿಳಿಯುತ್ತದೆ.

1960ರ ದಶಕದ ನಡುವೆ ಆರ್ಲ್ಯಾಂಡೊ ಎಂಬ ನಗರದ ಹತ್ತಿರ ಯಾರೋ ಗುಟ್ಟಾಗಿ ಜಮೀನು ಕೊಳ್ಳತೊಡಗಿದರು. ಹೆಚ್ಚಿನದು ಜೌಗು, ಕುರುಚಲು ಕಾಡು. ಕೊಳ್ಳುತ್ತಿದ್ದ ಕಂಪೆನಿಗಳ ಹೆಸರುಗಳೆಲ್ಲ ಹೊಸವು. ಹಿಂದೆ ಇರುವುದು ಡಿಸ್ನಿ ಎಂದು ಗೊತ್ತಾದರೆ ಎಕರೆಯ ಬೆಲೆ ಗಗನಕ್ಕೇರುತ್ತಿತ್ತು. 1965ರ ಅಕ್ಟೋಬರ್‌ನಲ್ಲಿ ಸ್ಥಳೀಯ ಪತ್ರಿಕೆ ಗುಟ್ಟು ಹೊರಹಾಕುವಷ್ಟರಲ್ಲಿ 27 ಸಾವಿರ ಎಕರೆಗೂ ಹೆಚ್ಚು ಭೂಮಿ ಕೈಸೇರಿತ್ತು. ನವೆಂಬರ್ 15ರಂದು ರಾಜ್ಯಪಾಲ ಹೇಡನ್ ಬರ್ನ್ಸ್ ಅವರ ಪಕ್ಕದಲ್ಲಿ ಕುಳಿತು ವಾಲ್ಟ್ ಡಿಸ್ನಿ ಪತ್ರಕರ್ತರಿಗೆ ಅಧಿಕೃತವಾಗಿ ಸುದ್ದಿ ಕೊಟ್ಟರು. (ಅಮೆರಿಕದಲ್ಲಿ ರಾಜ್ಯಪಾಲ ಎಂದರೆ ಜನ ಆರಿಸಿದ ಆಡಳಿತದ ಮುಖ್ಯಸ್ಥ, ಇಲ್ಲಿನ ಮುಖ್ಯಮಂತ್ರಿಯಂತೆ.)

ವಾಲ್ಟ್ ಅವರಿಗೆ ಅಲ್ಲಿ ಇನ್ನೊಂದು ಡಿಸ್ನಿಲ್ಯಾಂಡ್ ಕಟ್ಟುವುದರಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ‘ಎಪ್ಕಾಟ್’ ಎಂಬ ನಗರ. 20 ಸಾವಿರ ಜನ ವಾಸಿಸುವ ನಿಜವಾದ ಊರು. ನಡುವೆ ಗಾಳಿಮಳೆ ತಾಗದಂತೆ ಮೇಲ್ಛಾವಣಿಯಿರುವ ಪೇಟೆ. ಕಾರು, ಲಾರಿಗಳು ನೆಲದಡಿಯಲ್ಲಿ, ಜನ ನೆಲದ ಮೇಲೆ. ಮೋನೊರೈಲು. ಕೊಳೆಗೇರಿ ಇಲ್ಲ, ನಿರುದ್ಯೋಗ ಇಲ್ಲ. ಯಾರಿಗೂ ಸ್ವಂತ ಮನೆ ಇಲ್ಲ, ಎಲ್ಲರೂ ಬಾಡಿಗೆದಾರರು. ಜಮೀನಿನ ಒಡೆಯರೇ ಇಲ್ಲದಿದ್ದರೆ ಊರಿನ ಆಡಳಿತದ ಮೇಲೆ ಹಕ್ಕು ಸಾಧಿಸುವವರೂ ಇರುವುದಿಲ್ಲವಲ್ಲ! 1966ರ ಅಕ್ಟೋಬರ್ 27ರಂದು ನಕ್ಷೆಯ ಮುಂದೆ ಕೋಲು ಹಿಡಿದು ನಿಂತು ಅವರು ಇದನ್ನೆಲ್ಲ ವಿವರಿಸಿದ್ದನ್ನು ಚಿತ್ರೀಕರಿಸಲಾಯಿತು. ಏಳು ವಾರಗಳಲ್ಲಿ ಅವರೇ ಇಲ್ಲವಾದರು.

ಆದರೆ ಚಿತ್ರ ಇತ್ತಲ್ಲ. 1967ರ ಫೆಬ್ರುವರಿಯಲ್ಲಿ ಆರ್ಲ್ಯಾಂಡೊ ಪಕ್ಕದ ಒಂದು ಟಾಕೀಸಿನಲ್ಲಿ ಫ್ಲಾರಿಡಾದ ಶಾಸಕರಿಗೆ ಅದನ್ನು ತೋರಿಸಿದರು. ತೀರಿಕೊಂಡ ಮನುಷ್ಯ ಪರದೆಯ ಮೇಲೆ ನಗುನಗುತ್ತ ನಾಳಿನ ನಗರವನ್ನು ವರ್ಣಿಸುತ್ತಿದ್ದರೆ ಸಭಿಕರ ಸ್ಥಿತಿ ಹೇಗಿದ್ದಿರಬಹುದು ಎಂದು ಊಹಿಸಬಹುದು. ಇಂಥ ನಗರ ಕಟ್ಟಬೇಕಾದರೆ ಹಳೆಯ ಕಟ್ಟಡ ನಿಯಮಗಳು ಅಡ್ಡಬರುತ್ತವೆ, ಸ್ವತಂತ್ರ ಅಧಿಕಾರ ಬೇಕು ಎಂಬುದು ಕಂಪೆನಿಯ ಕೋರಿಕೆ. ಅದೇ ವರ್ಷದ ಮೇ ತಿಂಗಳಲ್ಲಿ ‘ರೀಡಿ ಕ್ರೀಕ್’ ಎಂಬ ವಿಶೇಷ ಆಡಳಿತ ವಲಯವನ್ನು ರಚಿಸುವ ಕಾನೂನಿಗೆ ಹೊಸ ರಾಜ್ಯಪಾಲ ಕ್ಲಾಡ್ ಕರ್ಕ್ ಸಹಿ ಹಾಕಿದರು. ರಸ್ತೆ, ಚರಂಡಿ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ, ಸಾರ್ವಜನಿಕ ಸಾಲಪತ್ರ ಹೊರಡಿಸುವ ಹಕ್ಕು ಎಲ್ಲವೂ ಆ ವಲಯಕ್ಕೆ. ವಿಮಾನ ನಿಲ್ದಾಣ, ಅಣುವಿದ್ಯುತ್ ಸ್ಥಾವರ ಕಟ್ಟಲೂ ಅವಕಾಶವಿತ್ತು. ವಲಯವನ್ನು ನಡೆಸುವವರನ್ನು ಆರಿಸುವವರು ಜಮೀನಿನ ಒಡೆಯರು, ಎಂದರೆ ಬಹುಮಟ್ಟಿಗೆ ಡಿಸ್ನಿ ಕಂಪೆನಿ.

ನಗರ ಬರಲಿಲ್ಲ. ವಾಲ್ಟ್ ಇಲ್ಲದ ಕಂಪೆನಿಗೆ 20 ಸಾವಿರ ಬಾಡಿಗೆದಾರರ ಊರನ್ನು ನಡೆಸುವ ಧೈರ್ಯವೂ ಇರಲಿಲ್ಲ, ಅದರಿಂದ ಲಾಭದ ಭರವಸೆಯೂ ಇರಲಿಲ್ಲ. 1971ರ ಅಕ್ಟೋಬರ್ 1ರಂದು ತೆರೆದದ್ದು ‘ಮ್ಯಾಜಿಕ್ ಕಿಂಗ್‌ಡಮ್’ ಎಂಬ ಮಾಮೂಲಿ ಮಾದರಿಯ ಪಾರ್ಕು. ಸರಿಯಾಗಿ ಹನ್ನೊಂದು ವರ್ಷಗಳ ನಂತರ, 1982ರ ಅಕ್ಟೋಬರ್ 1ರಂದು, ‘ಎಪ್ಕಾಟ್ ಸೆಂಟರ್’ ತೆರೆಯಿತು. ಹೆಸರು ನಗರದ್ದೇ, ಒಳಗಿರುವುದು ಕಾಯಂ ವಸ್ತುಪ್ರದರ್ಶನ. ವಾಸಿಸುವವರು ಒಬ್ಬರೂ ಇಲ್ಲ.

ನಗರದ ಹೆಸರಿನಲ್ಲಿ ಪಡೆದ ಅಧಿಕಾರ ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. ಅಕ್ಕಪಕ್ಕದ ತಾಲ್ಲೂಕು ಆಡಳಿತಗಳು ಪರವಾನಗಿ ಕಚೇರಿಯ ಹೊರಗೆ ನಿಂತು ನೋಡುತ್ತಿದ್ದವು. ಆ ವಲಯದ ಎರಡು ಪುಟ್ಟ ಪುರಸಭೆಗಳಲ್ಲಿ ವಾಸಿಸುವವರು ಕೆಲವೇ ಹತ್ತು ಮಂದಿ, ಅವರೂ ಕಂಪೆನಿಯ ಕಡೆಯವರು. 2022ರಲ್ಲಿ ಶಾಲಾಶಿಕ್ಷಣದ ಕಾನೂನೊಂದರ ಬಗ್ಗೆ ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ಅವರಿಗೂ ಕಂಪೆನಿಗೂ ಜಟಾಪಟಿ ನಡೆಯಿತು. ಅದರ ಫಲವಾಗಿ 2023ರಲ್ಲಿ ರಾಜ್ಯ ಸರ್ಕಾರ ಆ ವಲಯದ ಆಡಳಿತ ಮಂಡಳಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಗಮನಿಸಬೇಕಾದ ಸಂಗತಿ ಎಂದರೆ, ಮಾತು ಕೊಟ್ಟ ನಗರ ಎಲ್ಲಿ ಎಂಬ ಪ್ರಶ್ನೆಯಿಂದ ಆ ಅಧಿಕಾರ ಹೋಗಲಿಲ್ಲ. ರಾಜಕೀಯ ಮುನಿಸಿನಿಂದ ಹೋಯಿತು.

ಬರದೇ ಹೋದ ದೇಶಗಳು

ಎಪ್ಕಾಟ್‌ನಲ್ಲಿ ಒಂದು ಕೆರೆ, ಅದರ ಸುತ್ತ ಬೇರೆ ಬೇರೆ ದೇಶಗಳ ಮಂಟಪಗಳು. 1982ರಲ್ಲಿ ಒಂಬತ್ತು ದೇಶಗಳಿದ್ದವು. ಉದ್ಘಾಟನೆಯ ಹೊತ್ತಿಗೇ ಇಸ್ರೇಲ್, ಸ್ಪೇನ್ ಮತ್ತು ಸಮಭಾಜಕ ವೃತ್ತದ ಆಫ್ರಿಕಾ ಮಂಟಪಗಳೂ ಬರಲಿವೆ ಎಂದು ಸಾರಲಾಯಿತು. ಮೂರೂ ಬರಲಿಲ್ಲ. 1984ರಲ್ಲಿ ಮೊರಾಕ್ಕೊ, 1988ರಲ್ಲಿ ನಾರ್ವೆ ಸೇರಿಕೊಂಡವು. ಆಮೇಲೆ ಹೊಸ ದೇಶವಿಲ್ಲ.

ಕಾರಣ ಸರಳ. ಈ ಮಂಟಪಗಳು ಪ್ರಾಯೋಜಕರ ದುಡ್ಡಿನಿಂದ ಏಳಬೇಕಾದವು. ಎಕ್ಸಾನ್, ಜನರಲ್ ಮೋಟಾರ್ಸ್, ಕೊಡಕ್‌ನಂಥ ಕಂಪೆನಿಗಳು ಎಪ್ಕಾಟ್‌ನ ಮುಂಭಾಗಕ್ಕೆ ಹಣ ಹಾಕಿದಂತೆ, ಹಿಂಭಾಗಕ್ಕೆ ಆಯಾ ದೇಶದ ಸರ್ಕಾರವೋ ಉದ್ಯಮಗಳೋ ಹಾಕಬೇಕಿತ್ತು. ಪ್ರಾಯೋಜಕ ಸಿಗುವ ಮೊದಲೇ ಘೋಷಿಸುವುದು ಇಲ್ಲಿ ಅವಸರವಲ್ಲ, ಪ್ರಾಯೋಜಕನನ್ನು ಹುಡುಕುವ ದಾರಿ. ಹೆಣ್ಣಿನ ಕಡೆಯವರು ಒಪ್ಪುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ. ಕೆಲವೊಮ್ಮೆ ಸಂಕೋಚಕ್ಕೆ ಬಿದ್ದು ಒಪ್ಪುತ್ತಾರೆ, ಕೆಲವೊಮ್ಮೆ ಪತ್ರಿಕೆ ಉಳಿದುಹೋಗುತ್ತದೆ.

ಉಳಿದುಹೋದವುಗಳಲ್ಲಿ ಒಂದಂತೂ ತಮಾಷೆಯದು. 1990ರ ಜನವರಿಯಲ್ಲಿ ಕಂಪೆನಿಯ ಅಧ್ಯಕ್ಷ ಮೈಕೆಲ್ ಐಸ್ನರ್ ಮುಂದಿನ ಹತ್ತು ವರ್ಷ ‘ಡಿಸ್ನಿ ದಶಕ’ ಎಂದು ಸಾರಿ, ಬರಲಿರುವ ಆಕರ್ಷಣೆಗಳ ದೊಡ್ಡ ಪಟ್ಟಿಯನ್ನೇ ಓದಿದರು. ಎಪ್ಕಾಟ್‌ಗೆ ಸೋವಿಯತ್ ಒಕ್ಕೂಟದ ಮಂಟಪವೂ ಅದರಲ್ಲಿತ್ತು. 1991ರ ಡಿಸೆಂಬರ್‌ನಲ್ಲಿ ಆ ದೇಶವೇ ಭೂಪಟದಿಂದ ಮಾಯವಾಯಿತು.

ಎದುರಾಳಿಗೆ ಕೇಳಲೆಂದು

ಘೋಷಣೆಯ ಇನ್ನೊಂದು ಕಿವಿ ಪ್ರತಿಸ್ಪರ್ಧಿಯದು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ 1980ರ ದಶಕದ ಆರಂಭದಲ್ಲೇ ಆರ್ಲ್ಯಾಂಡೊದಲ್ಲಿ ಜಮೀನು ಹಿಡಿದು, ಸಿನಿಮಾ ಸ್ಟುಡಿಯೊ ಪಾರ್ಕಿಗೆ ಪಾಲುದಾರರನ್ನು ಹುಡುಕುತ್ತಿತ್ತು. 1985ರಲ್ಲಿ ಡಿಸ್ನಿ ತಾನೂ ಅಲ್ಲೇ ಸ್ಟುಡಿಯೊ ಪಾರ್ಕು ಕಟ್ಟುವುದಾಗಿ ಪ್ರಕಟಿಸಿತು. ನಮ್ಮ ಯೋಜನೆಯನ್ನೇ ಕದ್ದರು ಎಂದು ಯೂನಿವರ್ಸಲ್‌ನವರು ಬಹಿರಂಗವಾಗಿ ಆರೋಪಿಸಿದರು, ಡಿಸ್ನಿ ಅದನ್ನು ಅಲ್ಲಗಳೆಯಿತು. ಆರೋಪ ಏನೇ ಇರಲಿ, ಓಟದಲ್ಲಿ ಡಿಸ್ನಿ ಗೆದ್ದಿತು. ಅದರ ಪಾರ್ಕು ತೆರೆದದ್ದು 1989ರ ಮೇ 1ರಂದು.

ಯೂನಿವರ್ಸಲ್ 1990ರ ಜೂನ್ 7ರಂದು ಬಾಗಿಲು ತೆರೆಯಿತು. ತೆರೆದ ದಿನವೇ ಕಿಂಗ್‌ಕಾಂಗ್ ಕೈಕೊಟ್ಟ, ಭೂಕಂಪದ ಆಟ ನಿಂತಿತು, ‘ಜಾಸ್’ನ ಶಾರ್ಕ್ ನೀರಿನಲ್ಲೇ ಮೊಂಡು ಹಿಡಿಯಿತು. ಬಂದವರು ಹಣ ವಾಪಸು ಕೇಳಿ ಸಾಲುಗಟ್ಟಿದರು. ಶಾರ್ಕಿನ ಆಟವನ್ನಂತೂ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಬೇಕಾಯಿತು. ಅದು ಮತ್ತೆ ತೆರೆದದ್ದು 1993ರಲ್ಲಿ. ವಿಳಂಬವನ್ನು ಬೈಯುವವರು ಈ ದಿನವನ್ನೂ ನೆನೆಯಬೇಕು. ಇವು ಜಾತ್ರೆಯ ತೊಟ್ಟಿಲಿನಂತೆ ಬಿಚ್ಚಿ ಜೋಡಿಸುವ ಆಟಗಳಲ್ಲ. ಒಂದೊಂದೂ ಮೊದಲ ಬಾರಿಗೆ ತಯಾರಾಗುವ ಯಂತ್ರ. ಅದು ದಿನಕ್ಕೆ ಹತ್ತಾರು ಸಾವಿರ ಜನರನ್ನು ಹೊತ್ತು ವರ್ಷವಿಡೀ ಓಡಬೇಕು.

1990ರ ದಶಕದಲ್ಲಿ ಡಿಸ್ನಿಯ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದ್ದು ಪ್ಯಾರಿಸ್. 1992ರ ಏಪ್ರಿಲ್ 12ರಂದು ತೆರೆದ ಯೂರೊ ಡಿಸ್ನಿ ಸಾಲದ ಬಡ್ಡಿಯಲ್ಲಿ ಮುಳುಗಿತು. 1993ರ ಲೆಕ್ಕವರ್ಷದಲ್ಲಿ ಅದರ ನಷ್ಟ 530 ಕೋಟಿ ಫ್ರಾಂಕ್. ಪಕ್ಕದಲ್ಲೇ ದಶಕದ ನಡುವೆ ಬರಬೇಕಿದ್ದ ಎರಡನೆಯ ಪಾರ್ಕು ಬಂದದ್ದು 2002ರಲ್ಲಿ. ಅನಾಹೈಮ್‌ಗೆಂದು 1991ರಲ್ಲಿ ಪ್ರಕಟಿಸಿದ್ದ ‘ವೆಸ್ಟ್‌ಕಾಟ್’ 1995ರಲ್ಲಿ ಕೈಬಿಟ್ಟು ಹೋಯಿತು. ವರ್ಜೀನಿಯಾದ ಹೇಮಾರ್ಕೆಟ್ ಎಂಬಲ್ಲಿ, ಅಂತರ್ಯುದ್ಧದ ರಣಭೂಮಿಯೊಂದರ ಹತ್ತಿರ, ಅಮೆರಿಕದ ಇತಿಹಾಸದ ಪಾರ್ಕು ಮಾಡುವುದಾಗಿ 1993ರ ನವೆಂಬರ್‌ನಲ್ಲಿ ಹೇಳಿದ್ದರು. ರಸ್ತೆ ಮುಂತಾದವಕ್ಕೆ ರಾಜ್ಯ ಸರ್ಕಾರ 16 ಕೋಟಿ ಡಾಲರ್‌ಗೂ ಹೆಚ್ಚಿನ ನೆರವನ್ನು ಮಂಜೂರು ಮಾಡಿಯೂ ಆಗಿತ್ತು. ಡೇವಿಡ್ ಮೆಕಲಾ, ಜೇಮ್ಸ್ ಮೆಕ್‌ಫರ್ಸನ್‌ರಂಥ ಇತಿಹಾಸಕಾರರು ಎದುರು ನಿಂತರು. 1994ರ ಸೆಪ್ಟೆಂಬರ್‌ನಲ್ಲಿ ಕಂಪೆನಿ ಹಿಂದೆ ಸರಿಯಿತು.

ಆ ದಶಕದ ಅತ್ಯಂತ ಪ್ರಸಿದ್ಧ ಗೈರುಹಾಜರಿ ಒಂದು ಡ್ರ್ಯಾಗನ್‌ನದು. 1998ರ ಏಪ್ರಿಲ್ 22ರಂದು ಫ್ಲಾರಿಡಾದಲ್ಲಿ ತೆರೆದ ‘ಅನಿಮಲ್ ಕಿಂಗ್‌ಡಮ್’ ಪಾರ್ಕಿನ ಲಾಂಛನದಲ್ಲಿ ಆನೆ, ಸಿಂಹಗಳ ಜೊತೆ ಒಂದು ಡ್ರ್ಯಾಗನ್ ಸಹ ಇದೆ. ನಿಜ ಪ್ರಾಣಿ, ಅಳಿದ ಪ್ರಾಣಿ, ಕಲ್ಪನೆಯ ಪ್ರಾಣಿ ಎಂಬ ಮೂರು ಭಾಗಗಳು ಇರಬೇಕಿತ್ತು. ಮೂರನೆಯದನ್ನು ‘ಆಮೇಲೆ’ ಎಂದು ಬಿಟ್ಟು ಆ ಜಾಗದಲ್ಲಿ ಮಕ್ಕಳ ಬೇಸಿಗೆ ಶಿಬಿರದಂಥದ್ದೊಂದು ತಾತ್ಕಾಲಿಕ ವ್ಯವಸ್ಥೆ ಮಾಡಿದರು. ತಾತ್ಕಾಲಿಕ ಹದಿನೈದು ವರ್ಷ ನಡೆಯಿತು.

ಆ ಜಾಗಕ್ಕೆ ಕೊನೆಗೂ ಯೋಗ ಬಂದದ್ದು ಯೂನಿವರ್ಸಲ್‌ನಿಂದಾಗಿ. 2007ರ ಮೇ ತಿಂಗಳಲ್ಲಿ ಪ್ರಕಟಿಸಿದ ಹ್ಯಾರಿ ಪಾಟರ್ ಲೋಕವನ್ನು ಅದು 2010ರ ಜೂನ್‌ನಲ್ಲೇ ತೆರೆದುಬಿಟ್ಟಿತು. ಆ ಒಂದೇ ವರ್ಷದಲ್ಲಿ ಆ ಪಾರ್ಕಿಗೆ ಬರುವವರ ಸಂಖ್ಯೆ ಶೇ 30ರಷ್ಟು ಏರಿತೆಂದು ಉದ್ಯಮದ ಅಂದಾಜು. ಡಿಸ್ನಿಗೆ ಏನಾದರೂ ಹೇಳಲೇಬೇಕಾಯಿತು. ‘ಅವತಾರ್’ ಸಿನಿಮಾದ ಲೋಕ ಕಟ್ಟುತ್ತೇವೆ ಎಂದು 2011ರ ಸೆಪ್ಟೆಂಬರ್‌ನಲ್ಲಿ ಹೇಳಿತು. ನೆಲ ಅಗೆದದ್ದು 2014ರಲ್ಲಿ, ತೆರೆದದ್ದು 2017ರ ಮೇ ತಿಂಗಳಲ್ಲಿ. ಆ ಸಿನಿಮಾದ ಎರಡನೆಯ ಭಾಗ ಇನ್ನೂ ತಡವಾಗಿ, 2022ರಲ್ಲಿ ಬಂತು ಎಂಬುದು ಬೇರೆ ಮಾತು.

ಟಿಕೆಟ್ ಕೊಂಡು ಕೇಳುವ ಘೋಷಣೆ

2009ರಿಂದ ಈ ಘೋಷಣೆಗಳಿಗೇ ಒಂದು ಮೇಳ ಹುಟ್ಟಿಕೊಂಡಿತು. ‘ಡಿ23’ ಎಂಬ ಆ ಸಮಾವೇಶಕ್ಕೆ ಡಿಸ್ನಿಯ ಕಟ್ಟಾ ಅಭಿಮಾನಿಗಳು ಟಿಕೆಟ್ ಕೊಂಡು ಬರುತ್ತಾರೆ. ಮುಂದೆ ಯಾವ ಆಟಕ್ಕೆ ಟಿಕೆಟ್ ಕೊಳ್ಳಬೇಕಾಗುತ್ತದೆ ಎಂದು ತಿಳಿಯಲು ಈಗಲೇ ಒಂದು ಟಿಕೆಟ್! ವೇದಿಕೆಗೆ ಹೊಸ ಸುದ್ದಿ ಬೇಕೇ ಬೇಕು. ಕಟ್ಟುವವರ ಬಳಿ ಸಿದ್ಧವಿರಲಿ ಬಿಡಲಿ, ಸಮಾವೇಶದ ತಾರೀಕು ನಿಲ್ಲುವುದಿಲ್ಲ.

2019ರ ಸಮಾವೇಶದಲ್ಲಿ ಎಪ್ಕಾಟ್‌ಗೆ ‘ಮೇರಿ ಪಾಪಿನ್ಸ್’ ಆಕರ್ಷಣೆ ಬರಲಿದೆ ಎಂದರು. 1964ರ ಆ ಸಿನಿಮಾದಲ್ಲಿ ನಟಿಸಿದ್ದ ಡಿಕ್ ವ್ಯಾನ್ ಡೈಕ್ ಅವರನ್ನೇ ವೇದಿಕೆಗೆ ಕರೆತಂದರು. ಏಳು ತಿಂಗಳಲ್ಲಿ ಕೋವಿಡ್ ಬಂತು. 2020ರ ಮಾರ್ಚ್‌ನಲ್ಲಿ ಪಾರ್ಕುಗಳು ಮುಚ್ಚಿದವು, ಸಾವಿರಾರು ನೌಕರರು ಮನೆಗೆ ಹೋದರು. ಮೇರಿ ಪಾಪಿನ್ಸ್ ‘ಮುಂದೂಡಿಕೆ’ಗೆ ಒಳಗಾದಳು, ಆಮೇಲೆ ಅವಳ ಸುದ್ದಿಯಿಲ್ಲ. ರದ್ದಾಗಿದೆ ಎಂದು ಹೇಳುವ ಪತ್ರಿಕಾಗೋಷ್ಠಿಗಳು ಈ ಉದ್ಯಮದಲ್ಲಿ ಅಪರೂಪ. ‘ಟ್ರಾನ್’ ಎಂಬ ವೇಗದ ಆಟ 2016ರಲ್ಲೇ ಶಾಂಘೈನಲ್ಲಿ ಓಡುತ್ತಿತ್ತು. ಅದರದೇ ಪಡಿಯಚ್ಚು ಫ್ಲಾರಿಡಾಕ್ಕೆ ಬರುತ್ತದೆಂದು 2017ರಲ್ಲಿ ಪ್ರಕಟಿಸಿದರೂ ಅದು ತೆರೆದದ್ದು 2023ರ ಏಪ್ರಿಲ್‌ನಲ್ಲಿ. 2021ರ ಅಕ್ಟೋಬರ್‌ನ ಸುವರ್ಣ ಮಹೋತ್ಸವಕ್ಕೆ ಸಿದ್ಧವಾಗಬೇಕಿದ್ದ ಆಟ ಅದು. ಯೂನಿವರ್ಸಲ್‌ನ ‘ಎಪಿಕ್ ಯೂನಿವರ್ಸ್’ ಸಹ ಇದೇ ಹೊಡೆತಕ್ಕೆ ಸಿಕ್ಕಿತು. 2019ರ ಆಗಸ್ಟ್‌ನಲ್ಲಿ ಪ್ರಕಟವಾಗಿ, 2020ರಲ್ಲಿ ನಿಂತು, 2021ರ ಮಾರ್ಚ್‌ನಲ್ಲಿ ಮತ್ತೆ ಶುರುವಾಗಿ, 2025ರ ಮೇ 22ರಂದು ತೆರೆಯಿತು. ನಿಂತದ್ದನ್ನು ನಿಂತಿದೆ ಎಂದೂ ಶುರುವಾದದ್ದನ್ನು ಶುರುವಾಯಿತು ಎಂದೂ ಆ ಕಂಪೆನಿ ಹೇಳಿತು. ಅಷ್ಟರ ಮಟ್ಟಿಗೆ ಮೆಚ್ಚಬೇಕು.

ಬೇಗ ಹೇಳುವುದರಲ್ಲಿ ಕಂಪೆನಿಗೆ ನಷ್ಟವೂ ಇದೆ. ಮುಂದಿನ ವರ್ಷ ಹೊಸ ಆಟ ಬರುತ್ತದೆ ಎಂದು ಗೊತ್ತಾದ ಕುಟುಂಬ ಈ ವರ್ಷದ ಪ್ರವಾಸವನ್ನು ಮುಂದಕ್ಕೆ ಹಾಕುತ್ತದೆ. 2015ರಲ್ಲಿ ಪ್ರಕಟಿಸಿದ ‘ಸ್ಟಾರ್ ವಾರ್ಸ್’ ಲೋಕ 2019ರ ಮೇ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ತೆರೆದಾಗ, ವಿಪರೀತ ಜನ ಬಂದಾರು ಎಂದು ಹೆದರಿ ಜನ ಬರಲೇ ಇಲ್ಲ. ಅಮೆರಿಕದ ಪಾರ್ಕುಗಳ ಹಾಜರಿ ಆ ತ್ರೈಮಾಸಿಕದಲ್ಲಿ ಶೇ 3ರಷ್ಟು ಇಳಿಯಿತು. ಆದರೂ ಹೇಳುತ್ತಾರೆ. ಷೇರು ಮಾರುಕಟ್ಟೆಗೆ ನಾಲ್ಕು ವರ್ಷದ ಮೌನ ಸಹಿಸಲಾಗದು. ಈ ಖರ್ಚನ್ನು ಒಂದು ವರ್ಷ ಮುಂದೂಡುವುದು ಕಂಪೆನಿಗೆ ಕಷ್ಟವಲ್ಲ. ಸಿನಿಮಾ ಸೋತ ವರ್ಷ, ಜನ ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದು ಇನ್ನೂ ಅಡಿಪಾಯ ಹಾಕದ ಆಟಕ್ಕೆ. ಅಡಿಪಾಯ ಹಾಕಿದ್ದನ್ನು ನಿಲ್ಲಿಸಿದರೆ ಹಾಳುಗೋಡೆ ಕಾಣುತ್ತದೆ, ಹಾಕದ್ದನ್ನು ನಿಲ್ಲಿಸಿದರೆ ಹುಲ್ಲು ಕಾಣುತ್ತದೆ.

ಹಾಳುಗೋಡೆಗೂ ಉದಾಹರಣೆ ಇಲ್ಲದಿಲ್ಲ. 2003ರಲ್ಲಿ ದುಬೈ ‘ದುಬೈಲ್ಯಾಂಡ್’ ಎಂಬ ಭಾರಿ ಯೋಜನೆ ಸಾರಿತು. ಅದರೊಳಗೆ ಬರಬೇಕಿದ್ದ ಯೂನಿವರ್ಸಲ್ ಸ್ಟುಡಿಯೊದ ಕಮಾನು ಬಾಗಿಲು ಮರುಭೂಮಿಯಲ್ಲಿ ಎದ್ದು ನಿಂತಿತು. 2008ರ ಆರ್ಥಿಕ ಕುಸಿತ ಬಂತು. ಬಾಗಿಲ ಹಿಂದೆ ಪಾರ್ಕು ಬರಲೇ ಇಲ್ಲ. ಇಂಗ್ಲೆಂಡಿನ ಕೆಂಟ್‌ನಲ್ಲಿ 2012ರಲ್ಲಿ ಘೋಷಿಸಿದ ‘ಲಂಡನ್ ರೆಸಾರ್ಟ್’ ಯೋಜನೆಯ ಅರ್ಜಿಯನ್ನು ಹತ್ತು ವರ್ಷದ ನಂತರ ವಾಪಸು ಪಡೆದರು. ಹಣದ ಅಡಚಣೆಗಳ ಜೊತೆ, ಆ ಜೌಗಿನಲ್ಲಿ ಬದುಕಿದ್ದ ಅಪರೂಪದ ಜಿಗಿಯುವ ಜೇಡವೊಂದರ ರಕ್ಷಣೆಯೂ ಅಡ್ಡಬಂದಿತ್ತು. ಕರ್ನಾಟಕದಲ್ಲಿ ಕನ್ನಂಬಾಡಿಯ ಬೃಂದಾವನವನ್ನು ‘ಡಿಸ್ನಿಲ್ಯಾಂಡ್ ಮಾದರಿ’ ಮಾಡುತ್ತೇವೆಂದು ಸರ್ಕಾರ ಹೇಳಿದ್ದು 2018ರ ನವೆಂಬರ್‌ನಲ್ಲಿ. 2024ರ ಜುಲೈನಲ್ಲಿ ₹2,663 ಕೋಟಿಯ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಅಣೆಕಟ್ಟೆಗೆ ಅಪಾಯ ಎಂದು ರೈತ ಸಂಘಟನೆಗಳು ವಿರೋಧಿಸಿದವು. ಇಲ್ಲಿ ಕಂಪೆನಿಯ ಬದಲು ಸರ್ಕಾರವಿದೆ, ಷೇರುದಾರನ ಬದಲು ಮತದಾರನಿದ್ದಾನೆ.

ಮತ್ತೆ ನದಿಯ ದಂಡೆಗೆ

2022ರ ಡಿ23 ಸಮಾವೇಶದಲ್ಲಿ ಡಿಸ್ನಿ ಪಾರ್ಕುಗಳ ಮುಖ್ಯಸ್ಥ ಜೋಶ್ ಡಿ’ಅಮಾರೊ ಕೆಲವು ಕನಸುಗಳನ್ನು ಚಿತ್ರ ತೋರಿಸಿ ಹಂಚಿಕೊಂಡರು. ಖಳನಾಯಕರದೇ ಒಂದು ಲೋಕವೂ ಅದರಲ್ಲಿತ್ತು. ಇವು ಬರೀ ಯೋಚನೆಗಳು ಎಂದೂ ಸೇರಿಸಿದರು. ಅಭಿಮಾನಿಗಳು ಚಪ್ಪಾಳೆ ತಟ್ಟಿದರು, ಆಮೇಲೆ ಗೊಣಗಿದರು. ಯೋಚನೆಯನ್ನು ಕೇಳಲೆಂದು ಅವರು ಟಿಕೆಟ್ ಕೊಂಡಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕಂಪೆನಿ ಹೂಡಿಕೆದಾರರಿಗೆ ಹೇಳಿದ ಮಾತು ಬೇರೆ ತೂಕದ್ದು. ಪಾರ್ಕು, ಹಡಗುಗಳಿಗಾಗಿ ಹತ್ತು ವರ್ಷದಲ್ಲಿ 6,000 ಕೋಟಿ ಡಾಲರ್. 2024ರ ಆಗಸ್ಟ್‌ನ ಸಮಾವೇಶದಲ್ಲಿ ಡಿ’ಅಮಾರೊ ಮೊದಲೇ ಒಂದು ಮಾತು ಸ್ಪಷ್ಟಪಡಿಸಿದರು. ಇಂದು ಹೇಳುವುದೆಲ್ಲವೂ ಈಗಾಗಲೇ ಕೈಗೆತ್ತಿಕೊಂಡ ಕೆಲಸ ಎಂದು. ಅಂಥದ್ದೊಂದು ಮಾತನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಹಿಂದಿನ ಘೋಷಣೆಗಳ ಚರಿತ್ರೆಯನ್ನು ಹೇಳುತ್ತದೆ.

ಅಂದು ಪ್ರಕಟಿಸಿದ್ದರಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ‘ಕಾರ್ಸ್’ ಸಿನಿಮಾದ ಆಟಗಳೂ ಅದರಾಚೆಗೆ ಖಳನಾಯಕರ ಲೋಕವೂ ಸೇರಿದ್ದವು. ಖಳನಾಯಕರು ಯಾವ ವರ್ಷ ಬರುತ್ತಾರೆಂದು ಹೇಳಲಿಲ್ಲ. ಜಾಗ ಮಾಡಲು, 1971ರಿಂದ ಅಲ್ಲಿ ಹರಿಯುತ್ತಿದ್ದ ಕೃತಕ ನದಿಯನ್ನೂ ನಡುವಿನ ಟಾಮ್ ಸಾಯರ್ ದ್ವೀಪವನ್ನೂ ತೆಗೆಯಬೇಕಾಯಿತು. 2025ರ ಜುಲೈ 6 ಅದರ ಕೊನೆಯ ದಿನ. ಚಕ್ರದ ದೋಣಿಯಲ್ಲಿ ಕೊನೆಯ ಸುತ್ತು ಹಾಕಲು ಜನ ಸಾಲು ನಿಂತರು. ಬಾಲ್ಯದಲ್ಲಿ ಅದೇ ದೋಣಿ ಹತ್ತಿದ್ದವರು ತಮ್ಮ ಮಕ್ಕಳನ್ನು ಕರೆತಂದಿದ್ದರು. ಮರುದಿನ ನದಿಯನ್ನು ಮುಚ್ಚಿದರು.

ಅದೇ ನದಿಗೆ ಮುಖಮಾಡಿ ಫ್ಲಾರಿಡಾದ ಭೂತಬಂಗಲೆ ನಿಂತಿದೆ. ಅನಾಹೈಮ್‌ನ ಬಂಗಲೆಯಂತೆ ಇದಕ್ಕೆ ಬೀಗ ಹಾಕಿ ಕಾಯಿಸಬೇಕಾಗಿ ಬರಲಿಲ್ಲ. 1971ರ ಅಕ್ಟೋಬರ್ 1ರಂದು, ಪಾರ್ಕು ತೆರೆದ ದಿನವೇ ತೆರೆಯಿತು. ನದಿ ಮುಚ್ಚಿದ ಮೇಲೆ ಅದರ ಸಾಲಿನಲ್ಲಿ ನಿಂತವರಿಗೆ ನೀರು ಕಾಣುತ್ತಿದ್ದ ಕಡೆ ಕಾಮಗಾರಿಯ ಬೇಲಿ ಕಾಣತೊಡಗಿತು.